‘ಬೇಕು’ ಪದದ ಬೇರು ಬಲ್ಲ ಮಾವ

ನನ್ನ ಸೋದರಮಾವನ ಬಳಿ ಯಾರೂ ಏನನ್ನೂ ಕೇಳಬಾರದು! ಜಿಪುಣನೆಂದಲ್ಲ. ಕೊಡುತ್ತಾನೆ, ಆದರೆ ಅದಕ್ಕೂ ಮೊದಲು ‘ಬೇಕು’ ಎಂಬ ಪದ ಎಲ್ಲಿಂದ ಬಂತೆಂದು ಹೇಳಿ ಮುಗಿಸುತ್ತಾನೆ. ಅಂಕೋಲೆಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ. ಪಾಠಕ್ಕೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ.

ಒಮ್ಮೆ ಕಾರವಾರದಲ್ಲಿ ಮದುವೆಯೂಟ. ಬಡಿಸುವವ ಪಾಯಸದ ಬಕೆಟ್ ಹಿಡಿದು, “ಬೇಕ್ರಾ?” ಎಂದ.

“ನೋಡು ತಮ್ಮಾ, ಹಳಗನ್ನಡದಲ್ಲಿ ಅದು ‘ಬೇಳ್ಕುಂ’. ಬೇಳ್ ಅಂದ್ರೆ ಬಯಸೂದು. ‘ಬೇಟ’ ಅಂದ್ರೆ ಪ್ರೀತಿ, ಅದೂ ಇದೇ ಕುಟುಂಬದ್ದೇಯ...”

ಬೇಳ್ಕುಂ ಸವೆದು ಬೇಕು ಆಗುವಷ್ಟರಲ್ಲಿ ಪಾಯಸ ಮುಂದಿನ ಪಂಕ್ತಿಗೆ ಹೋಗಿಯಾಗಿತ್ತು!

ಅತ್ತೆ ಚಿತ್ತಾಕುಲದವಳು, ಮನೆಮಾತು ಕೊಂಕಣಿ. ಅವಳನ್ನಾದರೂ ಬಿಟ್ಟನೇ? “ಬೇಕು ಅನ್ನೋಕೆ ನೀವು ‘ಜಾಯ್’ ಅಂತ್ರಿ. ಅದು ‘ಆಗೂದು’ ಅನ್ನೂದ್ರಿಂದ ಬಂದದ್ದು. ಅದರಲ್ಲಿ ಬಯಕೆ ಎಲ್ಲುಂಟು?”

“ಸಮ ಆಯ್ತು. ನೀವು ಬಯಸ್ತಾ ಕೂತ್ಕಳಿ, ನಮ್ಮದು ಆಗ್ತದೆ,” ಎಂದು ಅತ್ತೆ ಒಳಗೆ ನಡೆದಳು. ಮಾವ ಮೂರು ದಿನ ನಿಘಂಟಿನಿಂದ ತಲೆಯೆತ್ತಲಿಲ್ಲ.

ಹೋದ ಮಳೆಗಾಲದ ಕೊನೆಗೆ ಅತ್ತೆಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಮಾವ ಅವಳ ಮಂಚ ಬಿಟ್ಟು ಕದಲಲಿಲ್ಲ. “ಎಂತ ಬೇಕೇ?” ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದ. ಪದದ ಮೂಲ ಹೇಳಲಿಲ್ಲ. “ಎಂತದೂ ಬೇಡ, ನೀವು ಉಂಡ್ಕಂಡು ಬನ್ನಿ,” ಎನ್ನುತ್ತಿದ್ದಳು ಅವಳು. ಎಂಟನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಹನ್ನೆರಡನೆಯ ದಿನ ಎಡೆ ಇಡಬೇಕು. ಅದರಲ್ಲಿ ಸತ್ತವರಿಗೆ ಪ್ರಿಯವಾದದ್ದೊಂದು ಇರಲೇಬೇಕಲ್ಲ? “ಅತ್ತೆಗೆ ಎಂತ ಮಾಡಿಸೂದು ಮಾವಾ?” ಎಂದೆ.

“ನಂಗೆ ಸೇರೂದೆಲ್ಲಾ ಮಾಡ್ತಿದ್ಳು. ಅವಳಿಗೆ ಎಂತ ಬೇಕಿತ್ತೋ... ನಂಗೊತ್ತಿಲ್ಲ ಮಾರಾಯ.”

ಮೂವತ್ತೆಂಟು ವರ್ಷಗಳ ಸಂಸಾರ!

ನಾನು ಅತ್ತೆಯ ತಂಗಿಗೆ ಫೋನ್ ಮಾಡಿದೆ. ಅವರು ಚಿತ್ತಾಕುಲದಿಂದ ನೀರುಹಲಸಿನ ಹೋಳುಗಳಿಗೆ ಹಿಟ್ಟು ಸವರಿ ಪೋಡಿ ಕರಿದುಕೊಂಡು ಬಂದರು. ಡಬ್ಬಿ ತೆರೆದೊಡನೆ ಮಾವ ಬೆರಗಾಗಿ ನೋಡಿದ.

“ಇದನ್ನ ಈ ಮನೇಲಿ ಒಂದಿನಾನೂ ಮಾಡ್ಲಿಲ್ವಲ್ಲ!”

“ಮದುವೆಯಾದ ಹೊಸತರಲ್ಲಿ ನೀವು ಒಂದ್ಸಲ ಸೇರೂದಿಲ್ಲ ಅಂದ್ರಂತೆ ಭಾವೋಜಿ. ನಮ್ಮನೆಗೆ ಬಂದಾಗ ಒಲೆ ಹತ್ರ ನಿಂತೇ ತಿಂತಿದ್ಳು.”

ಹಾಗೆ ಅಂದದ್ದು ಮಾವನಿಗೆ ನೆನಪೇ ಇರಲಿಲ್ಲ.

ಕಾಗೆ ಎಡೆ ಮುಟ್ಟಿ ಹೋದ ಮೇಲೆ ಒಂದು ಪೋಡಿ ತೆಗೆದುಕೊಂಡು ನಿಧಾನವಾಗಿ ತಿಂದ. ಇನ್ನೊಂದನ್ನೂ ತಿಂದ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ, ಪಂಚೆಯ ತುದಿಯಿಂದ ಕನ್ನಡಕ ಒರೆಸುತ್ತ ಅತ್ತೆಯ ತಂಗಿಯನ್ನು ಕೇಳಿದ:

“ಇದನ್ನ ಎಷ್ಟು ತೆಳ್ಳಗೆ ಕೊಯ್ಯೂದು? ನಂಗೊಂಚೂರು ತೋರ್ಸಿಕೊಡು.”