ಫಿಲ್ಮ್ ಏನನ್ನೂ ಅಳಿಸುವುದಿಲ್ಲ

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲಿಗ ನಾನು. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ, ಸುಳ್ಳೇಕೆ! ರಜೆಯಲ್ಲಿ ಹತ್ತಿ ಬಿಡಿಸಿ, ಮೂರು ಸಲ ಇಂಗ್ಲಿಷಿಗೆ ಕೂತು ಗಳಿಸಿದ ಡಿಗ್ರಿ. ಹಾಗಾಗಿ ಪುಸ್ತಕ ಓದಿ ಮಾಡಲಾಗದ ಕೆಲಸ ಭೂಮಿಯ ಮೇಲಿಲ್ಲ ಎಂಬುದು ನನ್ನ ದೃಢ ನಂಬಿಕೆ. ಮಸ್ಕಿಯಲ್ಲಿ ಮಾಸ್ತರನಾದ ಮೇಲೆ ಫಿಲ್ಮ್ ಕ್ಯಾಮೆರಾ ಕೊಂಡೆ. ಅದರ ಜತೆ ಬಂದ ಕೈಪಿಡಿಯನ್ನು ಪರೀಕ್ಷೆಗೆ ಓದಿದ ಹಾಗೆ ಅಡಿಗೆರೆ ಹಾಕಿ ಓದಿದೆ.

ಅವ್ವನಿಗೆ ಇದ್ದದ್ದು ಒಂದೇ ಆಸೆ. ತನ್ನ ಮೂರೂ ಮಕ್ಕಳು ತನ್ನೊಂದಿಗೆ ಒಂದೇ ಫೋಟೊದಲ್ಲಿ ಇರಬೇಕು. ಕೇಳಲು ಸುಲಭ. ಆದರೆ ತಮ್ಮ ಶರಣ ಲಾರಿ ಡ್ರೈವರ್, ವರ್ಷಕ್ಕೊಮ್ಮೆ ಮನೆಯ ದಾರಿ ಹಿಡಿಯುವವ. ತಂಗಿ ನೀಲಮ್ಮ ಲಿಂಗಸುಗೂರಿನಲ್ಲಿ ಗಂಡನ ಮನೆಯಲ್ಲಿ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಬಸುರಿ ನೀಲಮ್ಮನ ಕುಬಸದ ದಿನ, ಮೂವರೂ ಮಸ್ಕಿಯ ಮನೆಯಲ್ಲಿ ಒಂದೇ ಸೂರಿನಡಿ ಸೇರಿದೆವು.

ಅಂದೇ ನೀಲಮ್ಮನ ಗಂಡ ಬಸವರಾಜ ತನ್ನ ಸಾಹೇಬರಿಂದ ಡಿಜಿಟಲ್ ಕ್ಯಾಮೆರಾ ಕೇಳಿ ತಂದಿದ್ದ. ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಟಕ್ಕೆಂದು ಒತ್ತಿದ. ಮರುಕ್ಷಣ ಅದರ ಬೆನ್ನಿನ ಮೇಲೆ ನಾವೆಲ್ಲ ಮೂಡಿದೆವು! ನಿಂತವರು ಸಾಲು ಮುರಿದು ಅವನ ಮೇಲೆ ಬಿದ್ದರು.

"ಏನ್ ಅಳಿಯಾರ, ನಾ ಇಷ್ಟ್ ಸಣ್ಣಾಕಿ ಆಗೀನೇನು? ಹೆಬ್ಬಟ್ಟಿನಷ್ಟು ಅದೀನಿ!" ಎಂದಳು ಅವ್ವ.

"ಹೆಂಗೈತ್ರಿ ಮಾವ? ರೋಲ್ ಇಲ್ಲ, ತೊಳ್ಸೋದಿಲ್ಲ, ಕಾಯೋದಿಲ್ಲ. ನಿಮ್ಮ ಡಬ್ಬಿ ಇನ್ನ ಅಟ್ಟದ ಮ್ಯಾಲ ಇಡ್ರಿ" ಎಂದ ಬಸವರಾಜ ನನ್ನ ಕಡೆ ತಿರುಗಿ.

ಬಿ.ಎ. ಪದವೀಧರನ ಕ್ಯಾಮೆರಾಕ್ಕೆ ಡಬ್ಬಿ ಎಂದರೆ ಯಾರು ಸಹಿಸುತ್ತಾರೆ? "ಅದು ನೀರಿನ್ಯಾಗಿನ ನೆಳ್ಳು, ಬಸವರಾಜ. ಫಿಲ್ಮ್ ಅಂದ್ರ ಕಲ್ಲಿನ್ಯಾಗಿನ ಶಾಸನ. ಒಮ್ಮಿ ಬಿತ್ತು ಅಂದ್ರ ಯಾರ ಅಪ್ಪಗೂ ಅಳಸಾಕ ಆಗೋದಿಲ್ಲ!" ಎಂದು ಘೋಷಿಸಿದೆ.

"ನೀವೂ ನಿಂದರ್ರಿ, ನಿಮ್ಮ ಕ್ಯಾಮೆರಾದಾಗ ನಾ ಒತ್ತತೀನಿ" ಎಂದ ಬಸವರಾಜ. ಶತ್ರುಪಕ್ಷದ ಕೈಗೆ ಆಯುಧ ಕೊಡುವುದೇ? ಸಾಧ್ಯವಿಲ್ಲ! ಕ್ಯಾಮೆರಾವನ್ನು ಕಟ್ಟೆಯ ಮೇಲೆ ಜೋಳದ ಚೀಲಕ್ಕೆ ಆನಿಸಿ, ಹತ್ತು ಸೆಕೆಂಡಿಗೆ ತಾನೇ ಒತ್ತಿಕೊಳ್ಳುವ ಕೀಲಿ ತಿರುಗಿಸಿ ಓಡಿದೆ. ಮೊದಲ ಸಲ ನಾನು ತಲುಪುವ ಮೊದಲೇ ಒತ್ತಿತು. ಎರಡನೇ ಸಲ ನನ್ನ ಬೆನ್ನು ಸೆರೆಯಾಯಿತು. ಮೂರನೇ ಸಲ ಬಾಗಿಲ ಪಕ್ಕದ ನೆರಳಿನಲ್ಲಿ ಸರಿಯಾಗಿ ನಿಂತು ನಕ್ಕೆ. ಇಂಗ್ಲಿಷಿನಲ್ಲೂ ಮೂರನೇ ಸಲವೇ ಪಾಸಾದವ ನಾನು!

ಉಳಿದ ರೋಲನ್ನು ಕುಬಸದ ಶಾಸ್ತ್ರಕ್ಕೆ ಮುಗಿಸಿದೆ. ಇನ್ನು ನನ್ನ ಪಾಂಡಿತ್ಯ. ಸಾಮಾನ್ಯರು ರೋಲನ್ನು ಪೂರ್ತಿ ಒಳಗೆ ಸುತ್ತುತ್ತಾರೆ. ನಾನು ಅದರ ತುದಿ, ಅಂದರೆ ನಾಲಿಗೆ, ಹೊರಗೇ ಉಳಿಯುವಂತೆ, ಒಳಗಿನ ಟಿಕ್ ಸದ್ದಿಗೆ ಕಿವಿಗೊಟ್ಟು ಸುತ್ತಿದೆ. ಹೀಗಿದ್ದರೆ ತೊಳೆಯುವವನಿಗೆ ಅನುಕೂಲ ಎಂದು ಎಲ್ಲೋ ಓದಿದ್ದೆ. ಹೊಸ ರೋಲಿನ ನಾಲಿಗೆಯೂ ಹೊರಗೇ ಇರುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಮುಗಿದ ರೋಲನ್ನೂ ಮನೆಯಲ್ಲಿದ್ದ ಹೊಸ ರೋಲನ್ನೂ ಒಂದೇ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ.

ಮರುದಿನವೇ ಶರಣ ಲಾರಿ ಹತ್ತಿದ. ವಾರದ ಮೇಲೆ ಪಕ್ಕದ ಮನೆಯ ಹನುಮಂತಪ್ಪ ಬಂದ. "ಮಾಸ್ತರ, ಬಿಳೇ ಎತ್ತು ತಂದೀನಿ. ಹಾಲಿನಂಗೈತಿ. ಒಂದ್ ಫೋಟೊ ಹೊಡೀರಿ." ಡಬ್ಬಿಯಿಂದ 'ಹೊಸ' ರೋಲ್ ತೆಗೆದು ಕ್ಯಾಮೆರಾಕ್ಕೆ ಹಾಕಿದೆ. ಬಿಳಿಯ ವಸ್ತುವಿಗೆ ಕಪ್ಪು ಹಿನ್ನೆಲೆ ಇರಬೇಕೆಂದು ಕೈಪಿಡಿ ಹೇಳುತ್ತದೆ. ಎತ್ತನ್ನು ಕತ್ತಲೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮುಖವಷ್ಟೇ ಬೆಳಕಿಗೆ ಬರುವಂತೆ ಮಾಡಿ ಮೂರು ಸಲ ಒತ್ತಿದೆ. ಮೂರನೆಯದಕ್ಕೆ ಎತ್ತು ತಾನಾಗಿ ಕಿವಿ ನಿಮಿರಿಸಿತು. ಎಂಥ ಶಿಸ್ತು!

ಅಂದು ಸಂಜೆ ಬಸವರಾಜ ಬೈಕಿನಲ್ಲಿ ಬಂದ. ಮುಖ ಸೋತಿತ್ತು. "ಮಾವ, ಸಾಹೇಬ್ರ ಮಗನ ಹುಟ್ಟಿದ ಹಬ್ಬಕ್ಕ ಕ್ಯಾಮೆರಾದಾಗ ಜಾಗ ಸಾಲಲಿಲ್ಲಂತ್ರಿ. ನಮ್ಮ ಫೋಟೊ ಅಳಿಸ್ಯಾರ."

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಶರಣ ಹೋಗ್ಯಾನಲ್ಲೋ! ಇನ್ನ ಯಾವಾಗ ಬರ್ತಾನೋ, ಅಷ್ಟ್ರಾಗ ನಾ ಇರ್ತೀನೋ ಇಲ್ಲೋ."

"ಅವ್ವಾ, ನಿನ್ನ ಮಗ ಬಿ.ಎ. ಮಾಡ್ಯಾನ. ಫಿಲ್ಮ್ ಐತಿ!" ಎಂದು ಎದೆಯುಬ್ಬಿಸಿದೆ.

ಮರುದಿನ ಮೊದಲ ಬಸ್ಸಿಗೆ ಸಿಂಧನೂರು. ತೊಳೆದು ತಂದ ಸ್ಟುಡಿಯೊದವ ಪಟ್ಟಿಯನ್ನು ಬೆಳಕಿಗೆ ಹಿಡಿದ. "ಮಾಸ್ತರ, ಇದರಾಗ ಏನೂ ಇಲ್ರಿ. ಹೊಸಾ ರೋಲ್ ತೊಳ್ಸಾಕ ತಂದೀರಿ."

ನಾನು ಸುಮ್ಮನಿರುವವನೇ? ಅರ್ಧ ತಾಸು ಬೆಳಕು, ರಾಸಾಯನಿಕ, ನೈತಿಕತೆಗಳ ಕುರಿತು ಉಪನ್ಯಾಸ ಕೊಟ್ಟೆ. ಕೊನೆಗೆ ಅವನು ತಣ್ಣಗೆ ಕೇಳಿದ: "ಮನ್ಯಾಗ ಇನ್ನೊಂದು ರೋಲ್ ಐತೇನ್ರಿ?"

ಇತ್ತು. ಕ್ಯಾಮೆರಾದಲ್ಲಿತ್ತು. ಎತ್ತಿನ ಜತೆ!

ಮಸ್ಕಿಗೆ ಹೋಗಿ, ಅದೇ ರೋಲ್ ಹಿಡಿದು ಮಧ್ಯಾಹ್ನಕ್ಕೇ ಸಿಂಧನೂರಿಗೆ ಮರಳಿದೆ. ಕುಬಸದ ಚಿತ್ರಗಳು ಒಂದಕ್ಕಿಂತ ಒಂದು ಸೊಗಸು. ಕೆಟ್ಟದ್ದು ಮೊದಲ ಮೂರು ಮಾತ್ರ, ಅಂದರೆ ಬೇಕಾದ ಮೂರು ಮಾತ್ರ. ಎತ್ತಿನ ಮೂರು ಚಿತ್ರಗಳು ಅವುಗಳ ಮೇಲೇ ಬಿದ್ದಿದ್ದವು. ಅದರಲ್ಲೂ ಮೂರನೆಯದು! ನಡುವೆ ಅವ್ವ, ಎಡಕ್ಕೆ ಶರಣ, ಮಗ್ಗುಲಲ್ಲಿ ಹಸಿರು ಸೀರೆಯ ನೀಲಮ್ಮ, ಎಲ್ಲರೂ ಸ್ಪಷ್ಟ. ಬಲಕ್ಕೆ ನನ್ನ ಇಸ್ತ್ರಿ ಅಂಗಿ, ನನ್ನ ಪ್ಯಾಂಟು, ಜೇಬಿನಲ್ಲಿ ನನ್ನ ಪೆನ್ನು. ನೆರಳಿನಲ್ಲಿ ಕಪ್ಪಾಗಿದ್ದ ನನ್ನ ಮುಖದ ಜಾಗದಲ್ಲಿ ಮಾತ್ರ ಹನುಮಂತಪ್ಪನ ಎತ್ತು ಕಿವಿ ನಿಮಿರಿಸಿಕೊಂಡು ನಿಂತಿತ್ತು. ಫಿಲ್ಮ್ ಏನನ್ನೂ ಅಳಿಸುವುದಿಲ್ಲ, ನಿಜ. ಕೊಟ್ಟದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ!

ಬಸವರಾಜ ನೋಡಿದ. ಗೋಡೆ ಹಿಡಿದು ಕೂತ. "ಮಾವ, ಡಿಜಿಟಲ್‌ನ್ಯಾಗ ಇಷ್ಟ್ ಚಂದ ಬರೋದಿಲ್ರಿ. ಒಪ್ಪಿದೆ!"

ಹರಿಯಲು ಹೋದ ನನ್ನ ಕೈ ಹಿಡಿದವಳು ಅವ್ವ. "ಯಾಕ ಹರೀತಿ? ಶರಣ ಬಂದಾನ, ನೀಲಿ ಬಂದಾಳ, ನೀನೂ ಅದೀ. ಮೂರ ಮಂದಿ ಆತಲ್ಲ."

ಫೋಟೊ ಈಗ ಪಡಸಾಲೆಯ ಗೋಡೆಯ ಮೇಲಿದೆ, ಕಟ್ಟು ಹಾಕಿಸಿ. ಬಂದವರು ಬೆರಳಿಟ್ಟು ಕೇಳುತ್ತಾರೆ: "ಇದ್ಯಾರಬೇ, ಎತ್ತಿನ ಮಾರಿಯಾಂವ?"

ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ಹೇಳುತ್ತಾಳೆ: "ನನ್ನ ಹಿರೇ ಮಗ. ಬಿ.ಎ. ಮಾಡ್ಯಾನ."

ಅವರು ಫೋಟೊ ನೋಡುತ್ತಾರೆ, ಹೊರಳಿ ನನ್ನನ್ನು ನೋಡುತ್ತಾರೆ. ಯಾರೂ ಆಶ್ಚರ್ಯಪಟ್ಟದ್ದಿಲ್ಲ. "ಹೌದ ಬಿಡಬೇ, ಹೋಲ್ತಾನ" ಎನ್ನುತ್ತಾರೆ.