ಗಾಳಿ ಐವರಿಗೆ ಮಾತ್ರ

ಆ ದಿನದ ಅನರ್ಥಕ್ಕೆಲ್ಲ ಕಾರಣ ಒಂದು ಫೋನು. ಅದೂ ಸ್ವಂತ ಮಗಳದ್ದು.

ಅಂಗಡಿ, ಗೋದಾಮುಗಳ ತೂಕದ ಯಂತ್ರಗಳನ್ನು ರಿಪೇರಿ ಮಾಡಿ, ಪರೀಕ್ಷಿಸಿ, ಮುದ್ರೆ ಒತ್ತಿ ಕೊಡುವ ಕಚೇರಿಯಲ್ಲಿ ಅವನು ಹತ್ತೊಂಬತ್ತು ವರ್ಷಗಳಿಂದ ಪರೀಕ್ಷಕ. ಎಲ್ಲರೂ ಅವನನ್ನು ‘ತಕ್ಕಡಿ’ ಎನ್ನುತ್ತಿದ್ದರು. ಆ ಹೆಸರು ಕೆಲಸದಿಂದ ಬಂದದ್ದಲ್ಲ, ಸ್ವಭಾವದಿಂದ ಬಂದದ್ದು. ಕಾಫಿಯೋ ಟೀಯೋ ಎಂದು ಕೇಳಿದರೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಾಡಿ ಅವನ ಮುಳ್ಳು ನಡುವೆ ನಿಲ್ಲುವಷ್ಟರಲ್ಲಿ ಎರಡೂ ಆರಿ ತಣ್ಣಗಾಗಿರುತ್ತಿದ್ದವು.

“ಅಪ್ಪಾ, ಬಿಜಿನಾ?”

ತಕ್ಕಡಿ ಕುರ್ಚಿಯಲ್ಲಿ ನೆಟ್ಟಗಾದ. ಮಗಳಿಗೆ ಹದಿಮೂರು ತುಂಬಿದ ಮೇಲೆ ಅಪ್ಪನೊಡನೆ ಅವಳ ಮಾತು ‘ಹೂಂ’, ‘ಉಹೂಂ’, ‘ಬಾಗಿಲು ಹಾಕ್ಕೋ’ ಎಂಬ ಮೂರಕ್ಕೆ ಇಳಿದಿತ್ತು. ಅಂಥವಳು ತಾನಾಗಿ ಫೋನು ಮಾಡಿದ್ದಾಳೆ!

“ಇಲ್ಲ ಕಂದಾ, ಹೇಳು.”

“ನನ್ನ ಹಡಗು ಸಿಕ್ಕಿಹಾಕ್ಕೊಂಡಿದೆ. ಆಕಾಶದ್ದು, ಆಟದಲ್ಲಿ. ಒಳಗೆ ಕ್ಯಾಪ್ಟನ್ ಸೇರಿ ಆರು ಜನ ಇದ್ದಾರೆ. ಮೀಟರ್ ನೋಡಿದ್ರೆ ಗಾಳಿ ಇರೋದು ಐದೇ ಜನಕ್ಕೆ. ಒಬ್ಬರನ್ನ ಹೊರಗೆ ಕಳಿಸ್ಬೇಕು. ಅದ್ರಲ್ಲಿ ಒಬ್ಬ ಗೂಢಚಾರ ಬೇರೆ.”

“ಹಂಗಾದ್ರೆ ಗೂಢಚಾರನ್ನೇ ಕಳಿಸು.”

“ಯಾರು ಅಂತ ಗೊತ್ತಾಗಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?”

ಅದೂ ನಿಜವೇ. “ಒಬ್ಬನ್ನ ಕಳಿಸಿ ನೋಡು. ತಪ್ಪಾದ್ರೆ ಹಿಂದಕ್ಕೆ ಹೋಗಿ ಮತ್ತೆ ಆಡು.”

“ಈ ಆಟದಲ್ಲಿ ಹಿಂದಕ್ಕೆ ಹೋಗೋಕೆ ಬಿಡಲ್ಲಪ್ಪಾ. ಒಂದ್ಸಲ ಒತ್ತಿದ್ರೆ ಮುಗೀತು. ನಿಮ್ಮ ಆಫೀಸಲ್ಲೂ ಆರು ಜನ ಅಲ್ವಾ? ಅವರನ್ನ ಕೇಳ್ಕೊಂಡು ಬಾ. ಸಂಜೆಯೊಳಗೆ ಉತ್ತರ ಬೇಕು.”

ಮರೆತೇನೆಂಬ ಭಯಕ್ಕೆ ತಕ್ಕಡಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೈಗೆ ಸಿಕ್ಕಿದ ಪುಟದ ಮೇಲೆ ಮುದ್ದಾಗಿ ಬರೆದುಕೊಂಡ:

‘ಆರು ಜನ. ಗಾಳಿ ಐವರಿಗೆ ಮಾತ್ರ. ಒಬ್ಬರನ್ನು ಹೊರಗೆ ಕಳಿಸಬೇಕು. ಯಾರನ್ನು? ಒಬ್ಬರು ಗೂಢಚಾರರು. ಸಂಜೆಯೊಳಗೆ ನಿರ್ಧಾರ. ಆಮೇಲೆ ಬದಲಾವಣೆ ಇಲ್ಲ.’

ಅಷ್ಟರಲ್ಲಿ ಅಂಗಳಕ್ಕೆ ಗೋದಾಮಿನ ದೊಡ್ಡ ತೂಕದ ಯಂತ್ರವನ್ನು ಹೊತ್ತ ಲಾರಿ ಬಂತು. ತಕ್ಕಡಿ ತೂಕದ ಕಲ್ಲುಗಳ ಪೆಟ್ಟಿಗೆ ಎತ್ತಿಕೊಂಡು ಹೊರಗೆ ನಡೆದ.

ಕೈಗೆ ಸಿಕ್ಕಿದ ಆ ಪುಟ ಸುತ್ತು ಪುಸ್ತಕದ್ದು.

ಆ ಕಚೇರಿಯ ಸುತ್ತು ಪುಸ್ತಕದ ಬಗ್ಗೆ ಎರಡು ಮಾತು ಹೇಳಲೇಬೇಕು. ಸೂಚನೆ ಏನಿದ್ದರೂ ಅದರಲ್ಲಿ ಬರೆಯುವುದು, ಮೇಜಿನಿಂದ ಮೇಜಿಗೆ ಸುತ್ತಿಸುವುದು, ಆರೂ ಜನರ ಸಹಿ ಬಿದ್ದರೆ ಮ್ಯಾನೇಜರ್ ಸಾಹೇಬರ ಬಳಿಗೆ ಕಳಿಸುವುದು, ಅವರೂ ಸಹಿ ಹಾಕಿದರೆ ಅದು ಆಜ್ಞೆ. ಅಲ್ಲಿ ಯಾರೂ ಓದಿ ಸಹಿ ಹಾಕುತ್ತಿರಲಿಲ್ಲ, ಸಹಿ ಹಾಕಿ ಓದುತ್ತಿದ್ದರು. ಒಮ್ಮೆ ಟೈಪಿಸ್ಟ್ ಮೇಡಂ ತಮ್ಮ ಮನೆಯ ಸಾಮಾನಿನ ಪಟ್ಟಿಯನ್ನು ಅದರಲ್ಲಿ ಬರೆದು ಮರೆತಿದ್ದರು. ಆರು ಸಹಿ ಬಿತ್ತು, ಏಳನೆಯದೂ ಬಿತ್ತು. ಮೂರನೇ ದಿನ ಎರಡು ಕಿಲೋ ಸಕ್ಕರೆ ಮತ್ತು ಒಂದು ಪೊರಕೆ ಕಚೇರಿಯ ಬಾಗಿಲಿಗೆ ಬಂದು ನಿಂತವು. ಬರೆದದ್ದನ್ನು ಹೊಡೆದುಹಾಕುವ ಪದ್ಧತಿಯೇ ಇರಲಿಲ್ಲವಾದ್ದರಿಂದ ಪೊರಕೆ ಇಂದಿಗೂ ಅಲ್ಲೇ ಇದೆ.

ಹೊಸ ಬರಹ ಕಂಡದ್ದೇ ತಡ, ಅಟೆಂಡರ್ ಅಕ್ಕ ತಾನು ಮೊದಲು ಸಹಿ ಹಾಕಿ ಪುಸ್ತಕವನ್ನು ಸುತ್ತಿಸಿಬಿಟ್ಟಳು.

ಬೇರೆ ದಿನವಾಗಿದ್ದರೆ ನಕ್ಕು ಬಿಡುತ್ತಿದ್ದರೇನೋ. ಆದರೆ ಮುಂದಿನ ಸೋಮವಾರ ಕಚೇರಿ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಹೊಸ ಕೋಣೆಯ ನಕ್ಷೆಯನ್ನು ಸ್ಟೋರ್ ಕೀಪರ್ ಒಂದು ವಾರದ ಹಿಂದೆಯೇ ಮ್ಯಾನೇಜರರಿಂದ ತಂದು, ಅಂಚು ಮಡಚಿ, ಗೋಡೆಗೆ ನಾಲ್ಕು ಮೊಳೆ ಹೊಡೆದು ನೇತುಹಾಕಿದ್ದ. ಅದರಲ್ಲಿ ಮೇಜು ಐದು. ಜನ ಆರು. ಅಂದಿನಿಂದ ಪ್ರತಿಯೊಬ್ಬರೂ ದಿನಕ್ಕೆ ಹತ್ತು ಸಲ ಆ ಮೇಜುಗಳನ್ನು ಎಣಿಸುತ್ತಿದ್ದರು. ಎಷ್ಟು ಸಲ ಎಣಿಸಿದರೂ ಅವು ಮರಿ ಹಾಕಿರಲಿಲ್ಲ.

ಒಂದು ಗಂಟೆಯ ನಂತರ ತಕ್ಕಡಿ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಗಿರಗಿಟ್ಲೆಯಂತೆ ಸದ್ದು ಮಾಡುವ ಕೋಣೆ ಉಸಿರು ಹಿಡಿದು ಕೂತಿತ್ತು. ಟೈಪ್ ಸದ್ದಿಲ್ಲ, ಸುತ್ತಿಗೆ ಸದ್ದಿಲ್ಲ. ಐದು ಜೊತೆ ಕಣ್ಣುಗಳು ಅವನ ಮೇಲಿದ್ದವು.

“ಬನ್ನಿ ಸಾರ್, ಕೂತ್ಕೊಳ್ಳಿ” ಎಂದರು ಟೈಪಿಸ್ಟ್ ಮೇಡಂ.

ತಕ್ಕಡಿ ಹಿಂದೆ ತಿರುಗಿ ನೋಡಿದ, ಸಾರ್ ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ತನ್ನ ಕುರ್ಚಿಯನ್ನು ನೋಡಿದ. ಮೇಡಂ ತಮ್ಮ ಬೆನ್ನುನೋವಿಗೆಂದು ಇಟ್ಟುಕೊಂಡಿದ್ದ ಮೆತ್ತೆ ಅದರ ಮೇಲೆ ಬಂದು ಕೂತಿತ್ತು.

ಅವನು ಕೂತ. ಮೇಡಂ ಬಗ್ಗಿ ಪಿಸುಗುಟ್ಟಿದರು. “ಸಾರ್, ನಾನಾಗಿ ಯಾರ ಮೇಲೂ ಚಾಡಿ ಹೇಳೋಳಲ್ಲ. ಆದ್ರೂ ಆ ಮೆಕ್ಯಾನಿಕ್ಕು ದಿನಾ ಮಧ್ಯಾಹ್ನ ಫೋನ್ ಹಿಡ್ಕೊಂಡು ಹಿತ್ತಲಿಗೆ ಹೋಗ್ತಾನಲ್ಲ, ಯಾರ ಹತ್ರ ಮಾತಾಡ್ತಾನೆ ಅಂತ ಯೋಚ್ನೆ ಮಾಡಿದ್ದೀರಾ?”

“ಹೆಂಡತಿ ಹತ್ರ ಇರ್ಬೇಕು.”

“ಹದಿನೈದು ವರ್ಷ ಆಯ್ತು ಮದುವೆಯಾಗಿ! ದಿನಾ ಹೆಂಡತಿ ಹತ್ರ ಮಾತಾಡೋಕೆ ಏನಿರುತ್ತೆ ಸಾರ್?”

ತಕ್ಕಡಿಗೆ ತಲೆಬುಡ ತಿಳಿಯಲಿಲ್ಲ. ಕೈ ತೊಳೆಯಲು ಹೊರಗೆ ಹೋದರೆ ನಲ್ಲಿಯ ಬಳಿ ಮೆಕ್ಯಾನಿಕ್ ತಕ್ಕಡಿಯ ಸ್ಕೂಟರನ್ನು ಮಲಗಿಸಿಕೊಂಡು ಬ್ರೇಕು ಬಿಗಿ ಮಾಡುತ್ತಿದ್ದ.

“ನಾನು ಹೇಳಿರ್ಲಿಲ್ಲವಲ್ಲಯ್ಯಾ?”

“ಹೇಳ್ಬೇಕಾ ಅಣ್ಣಾ? ನಾನಿಲ್ದೆ ಇದ್ರೆ ನಿಮ್ಮ ಗಾಡಿ ಯಾರು ನೋಡ್ತಾರೆ, ಅಷ್ಟು ಯೋಚ್ನೆ ಮಾಡಿ ಸಾಕು.” ಅವನು ಸ್ಪ್ಯಾನರನ್ನು ಎದೆಗೆ ಒತ್ತಿಕೊಂಡ. “ನಮ್ಮ ಮುದ್ರೆ ಇದ್ದಾನಲ್ಲ, ಅವನು ಒಬ್ಬನೇ ಎರಡು ಜನದ ಗಾಳಿ ಎಳೀತಾನೆ. ಮಧ್ಯಾಹ್ನ ಗೊರಕೆ ಕೇಳಿದ್ದೀರಲ್ಲ? ಅವನೊಬ್ಬ ಹೋದ್ರೆ ಇಬ್ಬರು ಹೋದ ಲೆಕ್ಕ.”

ತೂಕದ ಕಲ್ಲುಗಳಿಗೆ ಸರಕಾರಿ ಮುದ್ರೆ ಒತ್ತುವುದರಿಂದ ‘ಮುದ್ರೆ’ ಎಂದೇ ಕರೆಸಿಕೊಳ್ಳುವ ದಢೂತಿ ಆಸಾಮಿ ಆ ಹೊತ್ತಿಗೆ ತಕ್ಕಡಿಯ ಮೇಜಿನ ಮುಂದೆ ಹೊಟ್ಟೆ ಒಳಕ್ಕೆ ಎಳೆದುಕೊಂಡು ನಿಂತಿದ್ದ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

“ನೋಡಿ ಸಾರ್. ಆಗ್ಲಿಂದ ಉಸಿರು ಅರ್ಧ ಮಾಡಿದ್ದೀನಿ. ಏನೂ ತೊಂದ್ರೆ ಇಲ್ಲ” ಎಂದು ಹೇಳಿ ಮುಗಿಸುವ ಮೊದಲೇ ಕೆಮ್ಮಿದ.

ಆಗ ಬಂದ ಸ್ಟೋರ್ ಕೀಪರ್. ಒಂದು ಸ್ಕ್ರೂ ಬೇಕೆಂದರೂ ಹಳೆಯ ಸ್ಕ್ರೂವಿನ ಶವ ತಂದು ತೋರಿಸೆನ್ನುವ ಮನುಷ್ಯ. ತಕ್ಕಡಿ ಮೂರು ವರ್ಷದಿಂದ ಕೇಳುತ್ತಿದ್ದ ಹೊಸ ಭೂತಗನ್ನಡಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದು, ದೇವರ ಮುಂದೆ ಹಣ್ಣಿಟ್ಟಂತೆ ಮೇಜಿನ ಮೇಲೆ ಇಟ್ಟ.

ಭೂತಗನ್ನಡಿ ಕಂಡ ಮೇಲೆ ತಕ್ಕಡಿಗೆ ನಿಜಕ್ಕೂ ಭಯವಾಯಿತು. “ಏನಾಗಿದೆ ನಿಮಗೆಲ್ಲ? ನಾನೇನಾದ್ರೂ ಸಾಯೋ ಸುದ್ದಿ ಬಂದಿದ್ಯಾ?”

ಅಟೆಂಡರ್ ಅಕ್ಕ ಸೆರಗಿನಡಿಯಿಂದ ಸುತ್ತು ಪುಸ್ತಕ ತೆಗೆದು ಅವನ ಮುಂದೆ ಬಿಚ್ಚಿದಳು. “ಬರೆದೋರು ನೀವು. ಕೇಳೋರೂ ನೀವೇನಾ? ಇಪ್ಪತ್ತಾರು ವರ್ಷ ಈ ನೆಲ ಒರೆಸಿದ್ದೀನಪ್ಪಾ. ನನ್ನನ್ನ ಗೂಢಚಾರಿ ಅಂತ ಬರೆಯೋಕೆ ಕೈ ಹೆಂಗೆ ಬಂತು?”

ತಕ್ಕಡಿ ಓದಿದ. ತನ್ನದೇ ಮುದ್ದಾದ ಅಕ್ಷರ. ಕೆಳಗೆ ಐದು ಸಹಿ.

“ಅಯ್ಯೋ! ಇದು ಆಟ ಕಣಕ್ಕಾ!”

“ಆಟನಾ?” ಮೇಡಂ ಎದ್ದು ನಿಂತರು. “ನಮ್ಮ ಹೊಟ್ಟೆಪಾಡು ನಿಮಗೆ ಆಟನಾ?”

“ಹಂಗಲ್ಲ. ನನ್ನ ಮಗಳು ಕೇಳಿದ್ಳು…”

“ನಮ್ಮಲ್ಲಿ ಯಾರನ್ನ ತೆಗೀಬೇಕು ಅಂತ ನಿಮ್ಮ ಮಗಳು ಹೇಳ್ತಾಳಾ?” ಮೆಕ್ಯಾನಿಕ್ ಈಗ ಅಣ್ಣ ಎನ್ನಲಿಲ್ಲ.

“ಆಕಾಶದಲ್ಲಿ ಒಂದು ಹಡಗು ಇರುತ್ತೆ…”

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಸಿಲಿನಲ್ಲಿ ಒಂದು ಗಂಟೆ ನಿಂತದ್ದರ ಫಲ ಎಂದು ಮುದ್ರೆ ಸನ್ನೆ ಮಾಡಿದ.

“ಸುಮ್ಮನೆ ಮಾತು ತಿರುಗಿಸ್ಬೇಡಿ” ಎಂದ ಸ್ಟೋರ್ ಕೀಪರ್. ಮೆಲ್ಲನೆಯ ದನಿ. “ಹೊಸ ರೂಮಿಗೆ ಕಿಟಕಿ ಒಂದೇ. ಅದಕ್ಕೇ ಗಾಳಿ ಅಂತ ಮರ್ಯಾದೆಯಾಗಿ ಬರೆದಿದ್ದೀರಿ. ಮ್ಯಾನೇಜರ್ ನಿಮ್ಮ ಕೈಗೆ ಚೀಟಿ ಕೊಟ್ಟಿದ್ದಾರೆ. ಒಪ್ಕೊಳ್ಳಿ. ಆ ಒಬ್ಬರು ಯಾರು ಅಂತ ಇಲ್ಲೇ, ಈಗಲೇ ಬರೆದು ಸಹಿ ಹಾಕಿ.”

“ಹಾಕಿ!” ಎಂದರು ಎಲ್ಲರೂ.

ತಕ್ಕಡಿ ಪೆನ್ನು ಹಿಡಿದು ತೂಗತೊಡಗಿದ. ಮೇಡಂಗೆ ಇಬ್ಬರು ಮಕ್ಕಳು. ಮೆಕ್ಯಾನಿಕ್‌ಗೆ ಹಾಸಿಗೆ ಹಿಡಿದ ತಾಯಿ. ಅಕ್ಕನಿಗೆ ನಿವೃತ್ತಿಗೆ ಎಂಟೇ ತಿಂಗಳು. ಮುದ್ರೆಯ ಗೊರಕೆಗೆ ಮನೆಯಲ್ಲೂ ಜಾಗವಿಲ್ಲ. ಸ್ಟೋರ್ ಕೀಪರ್… ಅವನ ವಿಷಯ ಯಾರಿಗೂ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವನನ್ನು ಹೊರಗೆ ಹಾಕುವುದು ಹೇಗೆ? ಐವರನ್ನೂ ತೂಗಿದ ಮೇಲೆ ತಟ್ಟೆಯಲ್ಲಿ ಉಳಿದವನು ಒಬ್ಬನೇ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ತಕ್ಕಡಿಯ ಮುಳ್ಳು ಠಕ್ಕನೆ ನಿಂತಿತು. ಮಗಳಿಗೂ ಇದೇ ಉತ್ತರ! ಹಡಗಿನ ಕ್ಯಾಪ್ಟನ್ ಆದವನು ಮತ್ತೇನು ಮಾಡಿಯಾನು? ಅವನು ದೊಡ್ಡ ಅಕ್ಷರದಲ್ಲಿ ‘ನಾನೇ ಹೊರಗೆ ಹೋಗುತ್ತೇನೆ’ ಎಂದು ಬರೆದು ಸಹಿ ಹಾಕಿದ.

ಕೋಣೆಯಲ್ಲಿ ಗಾಳಿ ಒಮ್ಮೆಲೇ ಆರು ಜನಕ್ಕೂ ಸಾಕಾಯಿತು. ಮುದ್ರೆ ಹೊಟ್ಟೆ ಬಿಟ್ಟ. ಮೇಡಂ ಕಣ್ಣೊರೆಸಿಕೊಂಡು, “ದೇವರಂಥ ಮನುಷ್ಯ” ಎಂದು, ಅವನ ಬೆನ್ನ ಹಿಂದಿನಿಂದ ಮೆತ್ತೆಯನ್ನು ಮೆಲ್ಲಗೆ ಎಳೆದುಕೊಂಡರು. ತಕ್ಕಡಿ ತಿರುಗಿ ಪುಸ್ತಕಕ್ಕೆ ಕೈ ಚಾಚಿದ, ಹಾಳೆ ಹರಿದು ಜೇಬಿಗೆ ಹಾಕಿಕೊಳ್ಳೋಣವೆಂದು. ಪುಸ್ತಕ ಇರಲಿಲ್ಲ. ಆರು ಸಹಿ ಬಿದ್ದಿತ್ತು. ಅಟೆಂಡರ್ ಅಕ್ಕ ಸಾಹೇಬರ ಕೋಣೆಯ ಮೆಟ್ಟಿಲು ಹತ್ತಿಯಾಗಿತ್ತು.

ನಾಲ್ಕು ಗಂಟೆಗೆ ಮ್ಯಾನೇಜರ್ ಸಾಹೇಬರ ಕರೆ ಬಂತು.

“ಕೂತ್ಕೊಳ್ರೀ. ಇದೇನ್ರೀ ನೀವು ಮಾಡಿದ್ದು?” ಅವರು ಸುತ್ತು ಪುಸ್ತಕದ ಮೇಲೆ ಬೆರಳು ಬಡಿದರು. “ನಿಮಗೆ ಇಷ್ಟ ಇಲ್ಲದಿದ್ರೆ ಬಂದು ಬಾಯಲ್ಲಿ ಹೇಳ್ಬಹುದಿತ್ತಲ್ಲ?”

“ಏನು ಇಷ್ಟ ಇಲ್ಲದಿದ್ರೆ ಸಾರ್?”

ಸಾಹೇಬರು ಹೊಸ ಕಟ್ಟಡದ ನಕ್ಷೆಯ ಇನ್ನೊಂದು ಪ್ರತಿಯನ್ನು ಮೇಜಿನ ಮೇಲೆ ಉದ್ದಕ್ಕೂ ಬಿಡಿಸಿದರು. ಒಂದು ಕೋಣೆ, ಐದು ಮೇಜು. ಅದರ ಪಕ್ಕಕ್ಕೆ, ಕೆಳಗಿನ ಗೋಡೆಯ ಪ್ರತಿಯಲ್ಲಿ ಅಂಚು ಮಡಚಿಹೋಗಿದ್ದ ಜಾಗದಲ್ಲಿ, ಗಾಜಿನ ಬಾಗಿಲಿನ ಒಂದು ಪುಟ್ಟ ಕ್ಯಾಬಿನ್. ಒಳಗೆ ಒಂದು ಮೇಜು. ಎರಡು ಕಿಟಕಿ.

“ನಿಮ್ಮನ್ನ ಸೂಪರ್‌ವೈಸರ್ ಮಾಡಿ ಈ ಕ್ಯಾಬಿನ್ ಕೊಡೋದು ಅಂತ ಇತ್ತು. ಸೋಮವಾರ ಹೇಳೋಣ ಅಂತಿದ್ದೆ. ನೀವು ನೋಡಿದ್ರೆ ಹೊರಗೆ ಹೋಗ್ತೀನಿ ಅಂತ ಬರೆದಿದ್ದೀರಿ. ಆರು ಜನ ಒಪ್ಪಿ ಸಹಿ ಹಾಕಿದ್ದೀರಿ.”

“ಸಾರ್, ಅದು ನನ್ನ ಮಗಳ ಆಟ…”

“ನಾನೂ ಸಹಿ ಹಾಕಿ ಆಮೇಲೆ ಓದಿದೆ ಕಣ್ರೀ. ಇನ್ನು ಬದಲಾವಣೆ ಇಲ್ಲ; ಅದನ್ನೂ ನೀವೇ ಬರೆದಿದ್ದೀರಿ. ಹೊರಗೆ ಜಗಲಿಯಲ್ಲಿ ಒಂದು ಮೇಜು ಹಾಕಿಸ್ತೀನಿ. ಯಂತ್ರ ತರೋ ಗಿರಾಕಿಗಳನ್ನ ಅಲ್ಲೇ ಕೂತು ನೋಡ್ಕೊಳ್ಳಿ. ಗಾಳಿಗೇನೂ ಕೊರತೆ ಇಲ್ಲ.”

“ಹಂಗಾದ್ರೆ ಕ್ಯಾಬಿನ್?”

“ನಿಮ್ಮ ನಂತರದ ಹಿರಿಯ ಯಾರು? ಸ್ಟೋರ್ ಕೀಪರ್. ಪಾಪ, ಈಗಷ್ಟೇ ಬಂದು ಕ್ಯಾಬಿನ್ನಿನ ಬಾಗಿಲ ಅಳತೆ ಕೇಳ್ಕೊಂಡು ಹೋದ.”

ಸಂಜೆ ತಕ್ಕಡಿ ಮನೆಗೆ ಬಂದಾಗ ಸ್ಕೂಟರಿನ ಬ್ರೇಕು ಮಾತ್ರ ಚೆನ್ನಾಗಿ ಹಿಡಿಯುತ್ತಿತ್ತು. ಹೋಗಲಿ, ಮಗಳಿಗಾದರೂ ಉತ್ತರ ಸಿಕ್ಕಿತಲ್ಲ ಎಂದು ಚಪ್ಪಲಿ ಬಿಡುವ ಮೊದಲೇ ಅವಳ ಕೋಣೆಯ ಬಾಗಿಲು ತಟ್ಟಿದ.

“ಕಂದಾ, ಉತ್ತರ ತಂದಿದ್ದೀನಿ. ಕ್ಯಾಪ್ಟನ್ನೇ ಹೊರಗೆ ಹೋಗ್ಬೇಕು.”

“ಅದಾ? ನಾನು ಬೆಳಗ್ಗೆ ಫೋನ್ ಇಟ್ಟ ತಕ್ಷಣ ಅವನನ್ನೇ ಕಳಿಸ್ಬಿಟ್ಟೆ.” ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಕ್ಯಾಪ್ಟನ್‌ಗೆ ನಿನ್ನ ಹೆಸರೇ ಇಟ್ಟಿದ್ದೆ. ನೀನು ಹೆಂಗೂ ಬೇಡ ಅನ್ನಲ್ಲ ಅಂತ ಗೊತ್ತಿತ್ತು.”

ತಕ್ಕಡಿ ಬಾಗಿಲ ಚೌಕಟ್ಟಿಗೆ ಒರಗಿದ. “ಹಂಗಾದ್ರೆ ಉಳಿದೋರು ಬದುಕಿದ್ರಾ?”

“ಬದುಕಿದ್ರು. ಆಮೇಲೆ ನೋಡಿದ್ರೆ ಗಾಳಿ ಆರು ಜನಕ್ಕೂ ಇತ್ತಂತೆ. ಮೀಟರನ್ನ ಗೂಢಚಾರ ಕೆಡಿಸಿಟ್ಟಿದ್ದ. ಮೊದಲು ಅದು ಸರಿ ಇದ್ಯಾ ಅಂತ ಪರೀಕ್ಷೆ ಮಾಡ್ಬೇಕಿತ್ತು. ದಿನಾ ಅದೇ ಕೆಲಸ ಮಾಡ್ತೀಯ, ನಿನಗೆ ಹೊಳೀಲೇ ಇಲ್ವಾ ಅಪ್ಪಾ?”

ತಕ್ಕಡಿಗೆ ಗೋಡೆಯ ಮೇಲಿನ ನಕ್ಷೆ, ಅದರ ಮಡಚಿದ ಅಂಚು, ಅದಕ್ಕೆ ಹೊಡೆದಿದ್ದ ನಾಲ್ಕು ಮೊಳೆ, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು. ಅವನು ಕೇಳಿದ:

“ಗೂಢಚಾರ ಯಾರು?”

“ಉಗ್ರಾಣ ನೋಡ್ಕೊಳ್ಳೋನು. ಈಗ ಕ್ಯಾಪ್ಟನ್ ಕ್ಯಾಬಿನ್‌ನಲ್ಲಿ ಕಾಲು ಚಾಚಿ ಕೂತಿದ್ದಾನೆ. ಬಾಗಿಲು ಹಾಕ್ಕೋ ಅಪ್ಪಾ.”