ಅವ್ವ ಬಿಟ್ಟ ಚಹಾ

ನನ್ನ ಜೀವಮಾನದಲ್ಲಿ ಸೂರ್ಯನನ್ನು ಬೈದಷ್ಟು ಇನ್ನಾರನ್ನೂ ಬೈದಿಲ್ಲ. ಎರಡನೆಯ ಸ್ಥಾನ ನನ್ನ ಗಂಡನದು, ಆದರೆ ಅವರು ಮೊದಲನೆಯದು ತಮ್ಮದೇ ಎಂದು ವಾದಿಸುತ್ತಾರೆ. ತಪ್ಪು ಸೂರ್ಯನದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾವು ನಿಪ್ಪಾಣಿ ಸಮೀಪದ ಅಕ್ಕೋಳದ ಜೈನರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವ ರೂಢಿ ನಮ್ಮ ಮನೆಯಲ್ಲಿಲ್ಲ. ಎಂಬತ್ತರ ದಶಕದ ನಡುವೆ ಗಂಡನಿಗೆ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ಹಡಗು ದುರಸ್ತಿಯ ಕೆಲಸ ಸಿಕ್ಕಿತು. ಹೊರಡುವಾಗ ಅವ್ವ ಕೇಳಿಕೊಂಡದ್ದು ಒಂದೇ, "ಏನರ ಬಿಡು, ಇದೊಂದ್ ಬಿಡಬ್ಯಾಡವಾ." ನಾನು ಹೂಂ ಎಂದೆ. ಆ ಊರಿನ ಚಳಿಗಾಲದ ಸೂರ್ಯ ಮಧ್ಯಾಹ್ನ ಮೂರೂವರೆಗೇ ಕಣ್ಮರೆಯಾಗುತ್ತಾನೆಂದು ನಮ್ಮಿಬ್ಬರಿಗೂ ಯಾರೂ ಹೇಳಿರಲಿಲ್ಲ.

ಹೇಳಿದ್ದರೂ ಏನಾಗುತ್ತಿತ್ತು? ಬೇಳೆಗೆ ಉಪ್ಪು ತರಲು ಹೋದವಳು ಉಪ್ಪಿನ ಡಬ್ಬಿಯ ಕೆಳಗೆ ಹಾಸಿದ ಹಳೆಯ ಪತ್ರಿಕೆಯನ್ನು ಓದತೊಡಗುವ ಜಾತಿ ನನ್ನದು. ಅದರಲ್ಲಿ ಅರ್ಧಕ್ಕೆ ಹರಿದ ಸುದ್ದಿಯ ಉಳಿದರ್ಧ ಹುಡುಕಲು ಅಟ್ಟ ಹತ್ತುತ್ತೇನೆ, ಅಟ್ಟದ ಮೇಲೆ ಹೊಲಿಗೆಯ ಪೆಟ್ಟಿಗೆ ಸಿಗುತ್ತದೆ. ಸೀದ ವಾಸನೆ ಬಂದು ಕೆಳಗಿಳಿದರೆ ಬೇಳೆಯೂ ಕಪ್ಪು, ಕಿಟಕಿಯೂ ಕಪ್ಪು. ಆಮೇಲೆ ಎರಡೇ ದಾರಿ: ಉಪವಾಸ ಮಲಗುವುದು, ಇಲ್ಲವೇ ಗಂಡನ ಕಣ್ಣು ತಪ್ಪಿಸಿ ಬ್ರೆಡ್ಡು ತಿನ್ನುವುದು. ಎರಡನ್ನೂ ಧಾರಾಳವಾಗಿ ಮಾಡಿದ್ದೇನೆ. ಬೇಸಿಗೆಯಲ್ಲಿ ಸೂರ್ಯ ಹತ್ತು ಗಂಟೆಯವರೆಗೂ ಹೋಗುವುದೇ ಇಲ್ಲ. ಆಗ ಉಂಡದ್ದನ್ನೇ ಮರೆತು ಇನ್ನೊಮ್ಮೆ ಉಂಡದ್ದೂ ಉಂಟು. ಅವ್ವನಿಗೆ ಮಾತ್ರ ತಪ್ಪದೆ ಬರೆಯುತ್ತಿದ್ದೆ, ಎಲ್ಲ ಹೊತ್ತಿಗೆ ಸರಿಯಾಗಿ ನಡೆದಿದೆ ಎಂದು.

ಹಾಗೆ ಬರೆಯುವಾಗೆಲ್ಲ ಅಳು ಬರುತ್ತಿತ್ತು. ಅಕ್ಕೋಳದಲ್ಲಿ ನಾನು ಒಂದು ದಿನವೂ ಹೊತ್ತು ಮೀರಿಸಿದವಳಲ್ಲ. ಸಂಜೆಯಾಗುತ್ತಲೇ ಅವ್ವ ಪಡಸಾಲೆಯಿಂದ ಕರೆಯುತ್ತಿದ್ದಳು. ಅವಳ ದನಿ ಮುಟ್ಟದಿದ್ದರೆ ನಾವು ಕಾಕು ಎಂದು ಕರೆಯುತ್ತಿದ್ದ ಎದುರು ಮನೆಯ ಚಿಕ್ಕಮ್ಮ, ಅವರೂ ಆಗದಿದ್ದರೆ ತಂಬಾಕಿನ ಹೊಲದಿಂದ ಮರಳುವ ಯಾರಾದರೂ ಹೆಂಗಸು "ನಿಮ್ಮವ್ವ ಒದರಾಕತ್ತಾಳ, ಕೇಳ್ಸೂದಿಲ್ಲೇನ ಬೇ?" ಎಂದು ಗದರಿಸಿ ಹೋಗುತ್ತಿದ್ದಳು. ಅಬರ್ಡೀನಿನಲ್ಲಿ ನೆರೆಯವರು ತುಂಬ ಮರ್ಯಾದಸ್ಥರು. ಹನ್ನೊಂದು ವರ್ಷ ಒಬ್ಬರೂ ನನ್ನ ಮೇಲೆ ಒದರಲಿಲ್ಲ. ಹೆಸರು ಹಿಡಿದು ಯಾರಾದರೂ ಒಮ್ಮೆ ಜೋರಾಗಿ ಕರೆಯಲಿ ಎಂದು ನಾನು ಎಷ್ಟು ಹಂಬಲಿಸಿದ್ದೇನೆಂದರೆ, ಒಂದು ದಿನ ಬೀದಿಯಲ್ಲಿ ಯಾರೋ ತಮ್ಮ ನಾಯಿಯನ್ನು ಕರೆದಾಗ ನಾನೇ ತಿರುಗಿ ನೋಡಿದೆ.

ಕೊನೆಗೆ ಅಲ್ಲಿಯ ಡಾಕ್ಟರೊಬ್ಬರು ನನ್ನ ಈ ಗುಣಕ್ಕೆ ಎಡಿಎಚ್‌ಡಿ ಎಂಬ ಹೆಸರಿದೆ, ಗಮನ ಒಂದೆಡೆ ನಿಲ್ಲದ ತೊಂದರೆ, ಹುಟ್ಟಿನಿಂದಲೇ ಬಂದದ್ದು ಎಂದರು. ನನಗೆ ಪದಕ ಸಿಕ್ಕಷ್ಟು ಸಂತೋಷವಾಯಿತು. ಆ ಚಳಿಗಾಲದಲ್ಲಿ, ಹನ್ನೊಂದು ವರ್ಷದ ಮೇಲೆ ಮೊದಲ ಸಲ ಊರಿಗೆ ಬಂದವಳು ಬ್ಯಾಗು ಕೆಳಗಿಡುವ ಮುಂಚೆಯೇ ಅವ್ವನಿಗೆ ಅದನ್ನು ವರದಿ ಮಾಡಿದೆ. ಅವಳು ಪೂರ್ತಿ ಕೇಳಿ, ನನಗೊಬ್ಬಳಿಗೇ ಚಹಾ ತಂದಿಟ್ಟಳು. ನಿನಗೆಲ್ಲಿ ಎಂದು ಕೇಳಿದೆ. ಅಣ್ಣನ ಹೆಂಡತಿ ನಡುವೆ ಬಾಯಿ ಹಾಕಿ, ನಾನು ವಿಮಾನ ಹತ್ತಿದ ವರ್ಷದಿಂದಲೇ ಅವ್ವ ಚಹಾ ಬಿಟ್ಟಿದ್ದಾಳೆಂದಳು. ಮಗಳು ಹೊತ್ತು ಮೀರಿಸಿ ಉಂಡರೆ ಆ ದೋಷಕ್ಕೆ ತನ್ನದೊಂದು ತ್ಯಾಗ ಇರಲಿ ಎಂದು. ದಿನಕ್ಕೆ ಆರು ಕಪ್ಪು ಕುಡಿಯುತ್ತಿದ್ದ ನನ್ನವ್ವ! ನಾನು ಸರಿಯಾಗಿ ಉಣ್ಣುತ್ತೇನೆಂದು ಬರೆದಿರಲಿಲ್ಲವೇ ಎಂದು ತೊದಲಿದೆ.

"ಬರದಿದ್ದಿ," ಅಂದಳು ಅವ್ವ. "ನಾಕ್ ಸಲ ಒಳಗ ಪತ್ರನ ಹಾಕದ ಖಾಲಿ ಪಾಕೀಟ ಕಳಿಸಿದಾಕಿ ಹೊತ್ತಿಗೆ ಸರಿಯಾಗಿ ಉಂಡಾಳಂದ್ರ ಯಾರ ನಂಬಬೇಕು?"

ನಾನು ಅತ್ತು ಕರೆದು ಚಹಾ ಕುಡಿಯೆಂದು ಗೋಗರೆದೆ. ಅವ್ವ ಯೋಚಿಸಿ ಒಂದು ಕರಾರು ಹಾಕಿದಳು. ನಾನು ಇರುವ ಹದಿನೈದು ದಿನವೂ ಯಾರೂ ಕರೆಯದೆ, ನಾನಾಗಿಯೇ ಹೊತ್ತು ಮುಳುಗುವ ಮುಂಚೆ ಉಣ್ಣಬೇಕು. ಹದಿನೈದನೆಯ ಸಂಜೆ ಇಬ್ಬರೂ ಕೂಡಿ ಚಹಾ. ಇಡೀ ಓಣಿಗೆ ತಾಕೀತಾಯಿತು. ಮೂರು ಗಂಟೆಗೇ ತಾಟಿನ ಮುಂದೆ ಕೂತು ನಾನು ಹದಿನಾಲ್ಕು ದಿನ ಗೆದ್ದೆ. ಎದುರು ಮನೆಯ ಕಾಕುವಿಗೆ ಕರೆಯಲಾಗದೆ ಗಂಟಲು ಕಟ್ಟಿತ್ತು ಪಾಪ.

ಹದಿನೈದನೆಯ ದಿನ, ಅವ್ವನ ಮೊದಲ ಚಹಾ ಒಳ್ಳೆಯ ಪುಡಿಯದೇ ಆಗಲಿ ಎಂದು ಮಧ್ಯಾಹ್ನ ನಿಪ್ಪಾಣಿಗೆ ಹೋದೆ. ಅರ್ಧ ಕಿಲೋ ಪುಡಿ ಕೊಂಡೆ, ಹೂವಿನ ಚಿತ್ತಾರದ ಚಹಾ ಕಪ್ಪು-ಬಸಿ ಕೊಂಡೆ, ನಾಲ್ಕಕ್ಕೇ ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಪೇಂಟರೊಬ್ಬ ಭಾಂಡೆ-ಪಾತ್ರೆಗಳ ಅಂಗಡಿಗೆ ಬೋರ್ಡು ಬರೆಯುತ್ತಿದ್ದ. ಮೇಲೆ ಕನ್ನಡ ಮುಗಿದಿತ್ತು, ಕೆಳಗೆ ಮರಾಠಿ ನಡೆದಿತ್ತು. ಮೊದಲಿಗೆ ದೊಡ್ಡ ದೊಡ್ಡ ಅಕ್ಷರ ಬರೆದುಬಿಟ್ಟಿದ್ದ. ಉಳಿದವು ಹಲಗೆಯಲ್ಲಿ ಹಿಡಿಸುತ್ತವೋ ಇಲ್ಲವೋ ಎಂದು ನನಗೆ ಜೀವ ಹೋಗುವಷ್ಟು ಚಿಂತೆಯಾಯಿತು. ಅವನು ಕೊನೆಯ ಅಕ್ಷರವನ್ನು ಹೇಗೋ ತುರುಕಿ ಕುಂಚ ತೊಳೆಯತೊಡಗಿದಾಗ ತಲೆಯೆತ್ತಿ ನೋಡಿದೆ. ಅಕ್ಕೋಳದ ಎರಡು ಬಸ್ಸು ಹೋಗಿದ್ದವು, ಆಕಾಶ ಕೆಂಪಾಗಿತ್ತು.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಒಲೆಯ ಮೇಲೆ ಹಾಲು ಕೆನೆಗಟ್ಟಿತ್ತು. ಅವ್ವ ನನ್ನ ದಾರಿ ಕಾಯುತ್ತ ತಾನೂ ಉಂಡಿರಲಿಲ್ಲ. ಇನ್ನು ಉಣ್ಣುವಂತೆಯೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ನನ್ನ ತಲೆ ಸವರಿ, "ಇರ್ಲಿ ಬಿಡವಾ. ಚಹಾದ ನೆವಾ ಮಾಡ್ಕೊಂಡರ ಇನ್ನೊಮ್ಮೆ ಬರ್ತಿ," ಅಂದಳು. ಆ ರಾತ್ರಿ ಇಬ್ಬರೂ ಹಸಿದೇ ಮಲಗಿದೆವು, ಒಂದೇ ಕೌದಿಯಲ್ಲಿ. ಹನ್ನೊಂದು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದು ಅವತ್ತೇ.

ಬೆಳಿಗ್ಗೆಯೇ ಹೊರಡಬೇಕಿತ್ತು. ಕಪ್ಪು-ಬಸಿಯನ್ನು ಅವ್ವನ ಕೈಗಿಟ್ಟು ಬಂದೆ. ಚಹಾಪುಡಿ ಅಬರ್ಡೀನಿನಲ್ಲಿ ನನ್ನ ಬ್ಯಾಗಿನ ತಳದಲ್ಲೇ ಸಿಕ್ಕಿತು. ಮುಂದಿನ ಸಲ ಹೋಗುವಾಗ ಮರೆಯದೆ ಒಯ್ಯಬೇಕೆಂದು, ಕಣ್ಣಿಗೆ ಥಟ್ಟನೆ ಬೀಳುವಂಥ ಜಾಗ ಹುಡುಕಿ ಜೋಪಾನವಾಗಿ ಎತ್ತಿಟ್ಟೆ. ಎಲ್ಲಿಟ್ಟೆನೆಂದು ಈಗ ಎಂಟು ದಿನದಿಂದ ಹುಡುಕುತ್ತಿದ್ದೇನೆ.